ಅವನಾದರೆ ರೆಬಲ್... ಅವಳಾದರೆ ಬಜಾರಿ!

ಅದು ಅಚ್ಚ ಕನ್ನಡದ ಪದವಲ್ಲ. ಪರಂಗಿಯವರ ಭಾಷೆಯಿಂದ ಬಂದದ್ದು. ಆದರೂ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಒಂದು ಸುತ್ತು ಹಾಕಿ ಬನ್ನಿ. ಆಟೋ ಬೆನ್ನಿನ ಮೇಲೆ, ಟ್ರ್ಯಾಕ್ಟರ್ ಹಣೆಯ ಮೇಲೆ, ಕ್ಷೌರದಂಗಡಿಯ ಕನ್ನಡಿಯ ಮೇಲೆ ಆ ಪದ ರಾರಾಜಿಸುತ್ತಿರುತ್ತದೆ. ಇಂಗ್ಲಿಷಿನ ಒಂದಕ್ಷರ ಓದಲು ಬಾರದ ಅಜ್ಜಿಗೂ ಅದು ಗೊತ್ತು. ಯಾವುದು, ಹೇಳಿ ನೋಡೋಣ?

ಸರಿಯಾಗಿ ಹೇಳಿದಿರಿ. ರೆಬಲ್!

ಒಮ್ಮೆ ಮಂಡ್ಯದ ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿಯುತ್ತಾ ಅಂಗಡಿಯ ಹುಡುಗನನ್ನು ಕೇಳಿದೆ:

"ರೆಬಲ್ ಅಂದ್ರೆ ಏನಪ್ಪಾ?"

ಹುಡುಗ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಅಷ್ಟೂ ಗೊತ್ತಿಲ್ವಾ ಸಾರ್? ರೆಬಲ್ ಅಂದ್ರೆ ಅಂಬರೀಷಣ್ಣ!"

"ಅದು ಸರಿ ಕಣಯ್ಯ. ಆ ಮಾತಿಗೆ ಅರ್ಥ ಏನು ಅಂತ."

"ಅರ್ಥಾನೇ ಅಣ್ಣ, ಸಾರ್. ಬೇರೆ ಅರ್ಥ ಯಾಕೆ ಬೇಕು?"

ಭಲೆ! ನಿಘಂಟಿನಲ್ಲಿ ನೂರು ಅರ್ಥವಿರಲಿ, ಜನರ ನಾಲಿಗೆಯ ಮೇಲೆ ಒಬ್ಬ ಮನುಷ್ಯನೇ ಒಂದು ಪದದ ಅರ್ಥವಾಗಿ ಕೂರುವುದು ಸಣ್ಣ ಸಂಗತಿಯಲ್ಲ. ಆದರೆ ಪಕ್ಕದಲ್ಲೇ ಬುಟ್ಟಿ ಇಟ್ಟುಕೊಂಡು ಹೂ ಕಟ್ಟುತ್ತಿದ್ದ ಹೆಂಗಸೊಬ್ಬರು, ತಲೆ ಎತ್ತದೆ, ಒಂದು ಮಾತು ಸೇರಿಸಿದರು:

"ಗಂಡುಸ್ರು ಎದುರು ಮಾತಾಡುದ್ರೆ ರೆಬಲ್ಲು. ನಾವು ಮಾತಾಡುದ್ರೆ ಬಜಾರಿ. ಅಷ್ಟೇಯ ಬುಡಿ ಸೋಮಿ."

ಟೀ ಹುಡುಗನ ಮಾತಿಗೆ ನಕ್ಕಿದ್ದೆ. ಹೂವಮ್ಮನ ಮಾತಿಗೆ ನಗು ಬರಲಿಲ್ಲ. ಈ ಲೇಖನ ಹುಟ್ಟಿದ್ದು ಆ ಎರಡು ಮಾತುಗಳ ನಡುವೆ.

ಸೋತವನು ಮತ್ತೆ ಎದ್ದರೆ...

ಮೊದಲು ಪದದ ಜಾತಕ ನೋಡಿಬಿಡೋಣ. ರೆಬಲ್ ಎಂಬುದರ ಬೇರು ಲ್ಯಾಟಿನ್ ಭಾಷೆಯಲ್ಲಿದೆ. 'ಬೆಲ್ಲುಂ' ಅಂದರೆ ಯುದ್ಧ. 'ರೆ' ಅಂದರೆ ಮತ್ತೆ. ಒಮ್ಮೆ ಸೋತು ಶರಣಾದವನು ಸುಮ್ಮನೆ ಬಿದ್ದಿರದೆ ಮತ್ತೆ ಕತ್ತಿ ಹಿಡಿದು ಎದ್ದರೆ ರೋಮಿನವರು ಅವನಿಗೆ ಈ ಹೆಸರು ಇಟ್ಟರು. ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ. ಹೆಸರಿಟ್ಟವರು ಗೆದ್ದವರು. ಇಡಿಸಿಕೊಂಡವರು ಸೋತವರು. ಅಂದರೆ ಹುಟ್ಟಿದಾಗ ಅದು ಬಿರುದಲ್ಲ, ಬೈಗುಳ!

ನಮ್ಮ ಕನ್ನಡದ 'ಬಂಡುಕೋರ'ನ ಕಥೆಯೂ ಹೆಚ್ಚು ಕಡಿಮೆ ಇದೇ. ಮರಾಠಿಯಲ್ಲಿ ಇವನು 'ಬಂಡಖೋರ'. ಬಾಲದಲ್ಲಿರುವ 'ಖೋರ್' ಪಾರಸಿ ಮಾತು. ತಿನ್ನುವವನು ಅಂತ ಅರ್ಥ. ಲಂಚ ತಿನ್ನುವವನು ಲಂಚಕೋರ. ಚಾಡಿಯಲ್ಲೇ ಹೊಟ್ಟೆ ಹೊರೆಯುವವನು ಚಾಡಿಕೋರ. ಆ ಸಾಲಿನಲ್ಲಿ ಬಂಡುಕೋರನನ್ನೂ ತಂದು ಕೂರಿಸಿದ್ದಾರೆ! ದಾನಕೋರ, ಧರ್ಮಕೋರ ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಇಲ್ಲ. ಈ ಬಾಲ ಅಂಟುವುದು ಸಾಮಾನ್ಯವಾಗಿ ಕೆಟ್ಟ ಕೆಲಸಗಳಿಗೇ.

ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯನ್ನು ಬ್ರಿಟಿಷರು 1858ರಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಿದಾಗ ಅವರ ಪಾಲಿಗೆ ಆತ ರೆಬಲ್. ನಮ್ಮ ಮಕ್ಕಳ ಪಾಠದಲ್ಲಿ ಅದೇ ಮನುಷ್ಯ ಹುತಾತ್ಮ. ಮನುಷ್ಯ ಬದಲಾಗಲಿಲ್ಲ, ಕುರ್ಚಿಯಲ್ಲಿ ಕೂತವರು ಬದಲಾದರು. ಅದೇ ನರಗುಂದದಲ್ಲಿ 1980ರ ಜುಲೈನಲ್ಲಿ ಮಲಪ್ರಭಾ ಕಾಲುವೆಯ ಕರದ ವಿರುದ್ಧ ರೈತರು ಎದ್ದು ನಿಂತಾಗ ಅದಕ್ಕೂ 'ನರಗುಂದ ಬಂಡಾಯ' ಎಂದೇ ಹೆಸರಾಯಿತು. ಅದಕ್ಕೆ ಒಂದು ವರ್ಷ ಮೊದಲು, 1979ರಲ್ಲಿ, ನಮ್ಮ ಲೇಖಕರು ತಾವೇ ಮುಂದೆ ಬಂದು 'ಬಂಡಾಯ ಸಾಹಿತ್ಯ' ಎಂಬ ಹಲಗೆ ತೂಗುಹಾಕಿದ್ದರು. ಅಲ್ಲಿಗೆ ಬೈಗುಳ ಹೂವಿನ ಹಾರವಾಯಿತು!

ಈಗಿನ ಕಾಲದ ಬಂಡಾಯ ಬೇಕಾದರೆ ಚುನಾವಣೆ ಬಂದಾಗ ಪೇಪರ್ ನೋಡಿ. ಟಿಕೆಟ್ ಸಿಗದವ ಬಂಡಾಯ ಅಭ್ಯರ್ಥಿ. ಮಾರನೆಯ ದಿನ ಬಿ ಫಾರಂ ಸಿಕ್ಕಿತೋ, ಪಕ್ಷದ ಶಿಸ್ತಿನ ಸಿಪಾಯಿ! ಒಂದು ಕಾಲಕ್ಕೆ ಗಲ್ಲಿಗೇರಿದ ಪದ ಇವತ್ತು ಒಂದು ರಾತ್ರಿಯ ಮಟ್ಟಿಗೆ ಬಾಡಿಗೆಗೆ ಸಿಗುತ್ತದೆ.

ಕೆಂಪು ಜಾಕೆಟ್ಟಿನ ಹುಡುಗ

ಬೆಳ್ಳಿತೆರೆಗೆ ಈ ಪದವನ್ನು ಅಂಟಿಸಿದ್ದು ಹಾಲಿವುಡ್. 1955ರಲ್ಲಿ ನಿಕೊಲಸ್ ರೇ ನಿರ್ದೇಶಿಸಿದ 'ರೆಬೆಲ್ ವಿತೌಟ್ ಎ ಕಾಸ್' ಬಂತು. ಕಾರಣವಿಲ್ಲದ ಬಂಡಾಯಗಾರ! ನಾಯಕ ಜೇಮ್ಸ್ ಡೀನ್. ಮೈಮೇಲೆ ಕೆಂಪು ಜಾಕೆಟ್, ಕಣ್ಣಲ್ಲಿ ಏನೋ ಸಂಕಟ. ಅವನಿಗೆ ಹೊಟ್ಟೆಗಿಲ್ಲವೇ? ಇದೆ. ಮನೆ? ಅದೂ ಇದೆ. ಆದರೆ ಅಪ್ಪ ಅಮ್ಮನ ಮಾತು ಅವನಿಗೆ ಅರ್ಥವಾಗದು, ಅವನ ಮಾತು ಅವರಿಗೆ ಅರ್ಥವಾಗದು. ಆ ಚಿತ್ರ ತೆರೆ ಕಾಣುವ ಸುಮಾರು ನಾಲ್ಕು ವಾರ ಮೊದಲೇ, ಸೆಪ್ಟೆಂಬರ್ 30ರಂದು, ಡೀನ್ ಕಾರು ಅಪಘಾತದಲ್ಲಿ ತೀರಿಕೊಂಡ. ವಯಸ್ಸು ಬರೀ 24. ಬದುಕಿ ಮುದುಕನಾಗಿ ಮಕ್ಕಳಿಗೆ ಬುದ್ಧಿ ಹೇಳುವ ಅವಕಾಶವೇ ಇಲ್ಲದ ಆ ಹುಡುಗ ಜಗತ್ತಿನ ಪಾಲಿಗೆ ಶಾಶ್ವತ ರೆಬಲ್ ಆಗಿಬಿಟ್ಟ.

ಮರುವರ್ಷ, 1956ರಲ್ಲಿ, ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಜಾನ್ ಆಸ್ಬರ್ನ್ ಬರೆದ 'ಲುಕ್ ಬ್ಯಾಕ್ ಇನ್ ಆಂಗರ್' ನಾಟಕ ಆಡಿದರು. ಆಗ ಹುಟ್ಟಿದ ಪ್ರಚಾರದ ಮಾತು 'ಆಂಗ್ರಿ ಯಂಗ್ ಮ್ಯಾನ್'. ಆ ಸಿಡುಕಿನ ತರುಣ ಹಡಗು ಹತ್ತಿ ಬೊಂಬಾಯಿಗೆ ಬಂದು ಇಳಿಯಲು 17 ವರ್ಷ ಬೇಕಾಯಿತು. 1973ರಲ್ಲಿ ಸಲೀಂ-ಜಾವೇದ್ ಬರೆದ 'ಜಂಜೀರ್' ಬಂತು, ಅಮಿತಾಭ್ ಬಚ್ಚನ್ ಪೊಲೀಸ್ ಸ್ಟೇಷನ್ನಿನಲ್ಲಿ ಕುರ್ಚಿ ಒದ್ದರು, ಮಿಕ್ಕದ್ದು ನಿಮಗೇ ಗೊತ್ತು.

ಆದರೆ ಕನ್ನಡದವರು ಅಷ್ಟು ದಿನ ಕಾಯಲಿಲ್ಲ ಸ್ವಾಮಿ! ಬೊಂಬಾಯಿಗಿಂತ ಮೊದಲೇ, 1972ರ ಡಿಸೆಂಬರಿನಲ್ಲಿ, ಚಿತ್ರದುರ್ಗದ ಕಲ್ಲುಬಂಡೆಗಳ ನಡುವಿನಿಂದ ನಮ್ಮವನೊಬ್ಬ ಬುಸುಗುಟ್ಟುತ್ತಾ ಎದ್ದಿದ್ದ.

ಒದೆ ತಿಂದವನಿಗೆ ಬಿರುದು

ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ತೆಗೆದ 'ನಾಗರಹಾವು' ಯಾರಿಗೆ ಗೊತ್ತಿಲ್ಲ? ರಾಮಾಚಾರಿಯಾಗಿ ಬಂದ ಹೊಸ ಹುಡುಗ ವಿಷ್ಣುವರ್ಧನ್. ಅಲ್ಲಿಯವರೆಗೆ ನಮ್ಮ ನಾಯಕ ಅಂದರೆ ತಾಯಿಯ ಮಾತು ಮೀರದವನು, ಅಣ್ಣನಿಗೆ ಎದುರಾಡದವನು, ಕಷ್ಟ ಬಂದರೆ ಹಲ್ಲು ಕಚ್ಚಿ ಹಾಡು ಹೇಳುವವನು. ರಾಮಾಚಾರಿ ಹಾಗಲ್ಲ. ಅವನಿಗೆ ಕೋಪ ಮೊದಲು, ಮಾತು ಆಮೇಲೆ. ಊರು ಅವನನ್ನು ಪುಂಡ ಎಂದಿತು, ಪೋಕರಿ ಎಂದಿತು, ಮೊಂಡ ಎಂದಿತು. ರೆಬಲ್ ಎಂದು ಮಾತ್ರ ಯಾರೂ ಅನ್ನಲಿಲ್ಲ.

ತಮಾಷೆ ಏನು ಗೊತ್ತೇ? ಅದೇ ಚಿತ್ರದಲ್ಲಿ ಹುಡುಗಿಯನ್ನು ಚುಡಾಯಿಸಿ ರಾಮಾಚಾರಿಯ ಕೈಲಿ ಒದೆ ತಿನ್ನುವ ಜಲೀಲನಿಗೆ ಮುಂದೆ ಆ ಬಿರುದು ಹೋಯಿತು! ಮದ್ದೂರು ತಾಲ್ಲೂಕು ದೊಡ್ಡರಸಿನಕೆರೆಯ ಅಮರನಾಥ್, ಅಂದರೆ ನಮ್ಮ ಅಂಬರೀಷ್, ತೆರೆಗೆ ಬಂದದ್ದೇ ಆ ಪಾತ್ರದಿಂದ. ಒಡೆಯುವವನಿಗೆ 'ಸಾಹಸಸಿಂಹ', ಒದೆ ತಿಂದವನಿಗೆ 'ರೆಬಲ್ ಸ್ಟಾರ್'. ಹೊರಗೆ ಇಬ್ಬರೂ ಪ್ರಾಣಸ್ನೇಹಿತರು.

ಜಲೀಲ ರೆಬಲ್ ಆದದ್ದು ಹೇಗೆ? 1981ರಲ್ಲಿ ರಾಜೇಂದ್ರಸಿಂಗ್ ಬಾಬು ನಿರ್ದೇಶನದ 'ಅಂತ' ಬಂತು. ಪ್ರಾಮಾಣಿಕ ಇನ್ಸ್‌ಪೆಕ್ಟರ್ ಸುಶೀಲ್ ಕುಮಾರ್, ಅವನನ್ನೇ ಹೋಲುವ ಪಾತಕಿ ಕನ್ವರ್‌ಲಾಲ್, ಎರಡೂ ಅಂಬರೀಷ್. ಚಿತ್ರಹಿಂಸೆಯ ದೃಶ್ಯಗಳನ್ನು ನೋಡಿ ಬಾಲ್ಕನಿಯವರು ಮುಖ ಮುಚ್ಚಿಕೊಂಡರೆ ಗಾಂಧಿ ಕ್ಲಾಸಿನವರು ಎದ್ದು ನಿಂತರು. ಕಾನೂನು ಕಾಯಬೇಕಾದವನೇ ಕಡೆಗೆ ಕಾನೂನನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಹಿಂದಿಯಲ್ಲಿ ಜಿತೇಂದ್ರ ಅಭಿನಯದ 'ಮೇರಿ ಆವಾಜ್ ಸುನೋ' ಆಗಿ ಹೋದಾಗ ಅಲ್ಲೂ ಗಲಾಟೆಯೋ ಗಲಾಟೆ. 1983ರಲ್ಲಿ 'ಚಕ್ರವ್ಯೂಹ'. ಭ್ರಷ್ಟ ಮಂತ್ರಿಗಳ ಹುತ್ತಕ್ಕೆ ಕೈಹಾಕುವ ನಾಯಕ. ಅದೇ ಕಥೆಯನ್ನು ಹಿಂದಿಯವರು ಕೊಂಡು 1984ರಲ್ಲಿ ಅಮಿತಾಭ್ ಕೈಲಿ 'ಇಂಕ್ವಿಲಾಬ್' ಮಾಡಿಸಿದರು. ಎದುರಾಳಿ ಸೊಸೆಯನ್ನು ಕಾಡುವ ಅತ್ತೆಯಲ್ಲ, ಹಳ್ಳಿಯ ಸಾಹುಕಾರನಲ್ಲ. ವಿಧಾನಸೌಧದಲ್ಲಿ ಕೂತ ಕುರ್ಚಿಯೇ ಎದುರಾಳಿ. ಆ ಕುರ್ಚಿಯ ಮೇಲೆ ಜನಕ್ಕೆ ಇದ್ದ ಸಿಟ್ಟಿಗೆ ಒಂದು ಮುಖ ಬೇಕಿತ್ತು, ಆ ಮುಖ ಸಿಕ್ಕಿತು. ಬಿರುದು ತಾನಾಗಿ ಬಂದು ಅಂಟಿತು.

ಬಿರುದಿಗೆ ಅವರು ಮೋಸ ಮಾಡಲಿಲ್ಲ ಅಂತಲೂ ಹೇಳಬೇಕು. ಅಂಬರೀಷ್ ಯಾರ ಮುಂದೆಯೂ ನಾಲಿಗೆಯನ್ನು ಬಗ್ಗಿಸಿ ಮಾತಾಡಿದವರಲ್ಲ. 2007ರಲ್ಲಿ ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂದಾಗ ಅವರು ದಿಲ್ಲಿಯಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ರಾಜ್ಯ ಸಚಿವರು. ಪ್ರತಿಭಟಿಸಿ ರಾಜೀನಾಮೆ ಬರೆದುಕೊಟ್ಟರು. 2018ರ ನವೆಂಬರ್ 24ರಂದು ಅವರು ಕಣ್ಣು ಮುಚ್ಚಿದಾಗ ಮಂಡ್ಯ ಅತ್ತದ್ದು ಒಬ್ಬ ನಟನಿಗಾಗಿ ಮಾತ್ರವಲ್ಲ.

ಬಿರುದಿಗೂ ವಾರಸುದಾರರು!

ಆದರೆ ಇಲ್ಲೊಂದು ವಿಚಿತ್ರ ನೋಡಿ. ರೆಬಲ್ ಸ್ಟಾರ್ ಬಿರುದು ಕನ್ನಡಕ್ಕೊಂದೇ ಅಲ್ಲ. ತೆಲುಗಿನಲ್ಲಿ ಕೃಷ್ಣಂರಾಜು ಕೂಡಾ ರೆಬಲ್ ಸ್ಟಾರ್. ಅವರು 2022ರಲ್ಲಿ ತೀರಿಕೊಂಡರು. ಅವರ ತಮ್ಮನ ಮಗ ಪ್ರಭಾಸ್‌ಗೆ ಅಭಿಮಾನಿಗಳು ಇಟ್ಟ ಹೆಸರು 'ಯಂಗ್ ರೆಬಲ್ ಸ್ಟಾರ್'. 2012ರಲ್ಲಿ 'ರೆಬೆಲ್' ಅಂತಲೇ ಒಂದು ಚಿತ್ರವೂ ಬಂತು. ಇತ್ತ ನಮ್ಮಲ್ಲಿ 2019ರಲ್ಲಿ 'ಅಮರ್' ಚಿತ್ರದಿಂದ ಅಂಬರೀಷ್ ಅವರ ಮಗ ಅಭಿಷೇಕ್ ತೆರೆಗೆ ಬಂದಾಗ ಅವರೂ 'ಯಂಗ್ ರೆಬಲ್ ಸ್ಟಾರ್'.

ಆ ಹುಡುಗರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅಭಿಮಾನಿ ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನಲಾದೀತೇ? ಆದರೆ ಪದದ ಗತಿ ನೋಡಿ. ಅಪ್ಪ ಹೇಳಿದ ದಾರಿ ಬಿಟ್ಟವನು ರೆಬಲ್ ಅಂತ ಶುರುವಾದದ್ದು, ಅಪ್ಪನ ದಾರಿಯಲ್ಲೇ ನಡೆದವನು ರೆಬಲ್ ಅನ್ನುವಲ್ಲಿಗೆ ಬಂದು ನಿಂತಿತು! ಹೊಲ, ಮನೆ, ಪಂಪ್‌ಸೆಟ್ಟಿನ ಹಾಗೆ ಬಂಡಾಯವೂ ಖಾತೆ ಬದಲಾವಣೆ ಮಾಡಿಸಿಕೊಳ್ಳುವ ಆಸ್ತಿಯಾಯಿತು.

ನಿಜವಾದ ರೆಬಲ್ ರಕ್ತ ಆ ವಂಶದಲ್ಲಿ ಹುಡುಕಬೇಕಾದರೆ ಮಗನ ಕಡೆಗಲ್ಲ, ತಾತನ ಕಡೆಗೆ ನೋಡಬೇಕು. ಅಂಬರೀಷ್ ಪಿಟೀಲು ಚೌಡಯ್ಯನವರ ಮೊಮ್ಮಗ. ಪಿಟೀಲಿಗೆ ನಾಲ್ಕು ತಂತಿ ಎಂದು ಲೋಕವೆಲ್ಲ ಒಪ್ಪಿಕೊಂಡಿದ್ದಾಗ ಚೌಡಯ್ಯನವರು ಏಳು ತಂತಿ ಕಟ್ಟಿದರು. ಮೈಕಿಲ್ಲದ ಕಾಲದಲ್ಲಿ ಸಭೆಯ ಕಡೆಯ ಸಾಲಿಗೂ ನಾದ ಮುಟ್ಟಲಿ ಅಂತ. ಬಂದೂಕಿಲ್ಲ, ಡೈಲಾಗಿಲ್ಲ, ಕೆಂಪು ಜಾಕೆಟ್ಟೂ ಇಲ್ಲ. ಮೂರೇ ಮೂರು ತಂತಿ ಜಾಸ್ತಿ! ಕಟ್ಟುಪಾಡು ಮೀರುವುದು ಅಂದರೆ ಅದೂ ಹೌದಲ್ಲವೇ?

ಮಿನುಗುತಾರೆ ಸರಿ, ಬಂಡಾಯತಾರೆ ಎಲ್ಲಿ?

ಈಗ ಹೂವಮ್ಮನ ಮಾತಿಗೆ ಬರೋಣ. ನಮ್ಮ ಚಿತ್ರರಂಗ ಹಂಚಿದ ಬಿರುದುಗಳ ಪಟ್ಟಿ ಮಾಡಿ. ಗಂಡಸರಿಗೆ: ನಟಸಾರ್ವಭೌಮ, ಸಾಹಸಸಿಂಹ, ರೆಬಲ್ ಸ್ಟಾರ್, ಕರಾಟೆ ಕಿಂಗ್, ಕ್ರೇಜಿ ಸ್ಟಾರ್. ಹೆಂಗಸರಿಗೆ: ಬಿ. ಸರೋಜಾದೇವಿ ಅಭಿನಯ ಸರಸ್ವತಿ, ಜಯಂತಿ ಅಭಿನಯ ಶಾರದೆ, ಕಲ್ಪನಾ ಮಿನುಗುತಾರೆ, ಮಾಲಾಶ್ರೀ ಕನಸಿನ ರಾಣಿ. ಅವನು ಆಳುತ್ತಾನೆ, ಗರ್ಜಿಸುತ್ತಾನೆ, ಎದುರಿಸುತ್ತಾನೆ. ಅವಳು ಪೂಜೆಗೆ ಕೂರುತ್ತಾಳೆ, ಇಲ್ಲವೇ ಮಿನುಗುತ್ತಾಳೆ, ಇಲ್ಲವೇ ಕನಸಿನಲ್ಲಿ ಬರುತ್ತಾಳೆ. ಎದುರಿಸುವ ಕೆಲಸಕ್ಕೆ ಅವಳಿಗೆ ಬಿರುದಿಲ್ಲ.

ಹೋಗಲಿ, ಅವಳು ತೆರೆಯ ಮೇಲೆ ಕಟ್ಟುಪಾಡು ಮುರಿಯಲಿಲ್ಲವೇ? ಮುರಿದಳು ಕಣ್ರೀ! 1965ರಲ್ಲೇ 'ಮಿಸ್ ಲೀಲಾವತಿ'ಯಾಗಿ ಜಯಂತಿ ಬಂದರು. ಮದುವೆಯ ಕಟ್ಟು ಬೇಡವೆನ್ನುವ ಆಧುನಿಕ ಹುಡುಗಿ. ಆ ಚಿತ್ರದ ಈಜುಡುಗೆ ಊರೂರಲ್ಲಿ ಸುದ್ದಿಯಾಯಿತು. 1969ರ 'ಗೆಜ್ಜೆಪೂಜೆ'ಯಲ್ಲಿ ಕಲ್ಪನಾ ತಾನು ಹುಟ್ಟಿದ ಮನೆಯ ಪದ್ಧತಿ ಬೇಡ, ಎಲ್ಲರ ಹಾಗೆ ಮರ್ಯಾದೆಯ ಬದುಕು ಬೇಕು ಅಂದರು. 1971ರ 'ಶರಪಂಜರ'ದ ಕಾವೇರಿ ಮಾಡಿದ ತಪ್ಪಾದರೂ ಏನು? ಬಾಣಂತನದ ಮೇಲೆ ಮನಸ್ಸು ಕೆಟ್ಟಿತು, ಆಸ್ಪತ್ರೆಗೆ ಹೋಗಿ ವಾಸಿಯಾಗಿ ಬಂದಳು. ಬಂದವಳು ಮೂಲೆಯಲ್ಲಿ ಕೂರದೆ ನಕ್ಕಳು, ಒಳ್ಳೆಯ ಸೀರೆ ಉಟ್ಟಳು, ತನ್ನ ಮನೆಯಲ್ಲಿ ತನ್ನ ಜಾಗ ಕೇಳಿದಳು. ಊರು ಕೊಟ್ಟ ಬಿರುದು 'ಹುಚ್ಚಿ'. ಕಡೆಗೆ ಅವಳು ಮತ್ತೆ ಅದೇ ಆಸ್ಪತ್ರೆಗೆ.

'ನಾಗರಹಾವಿ'ನ ಅಲಮೇಲುವನ್ನೇ ನೋಡಿ. ರಾಮಾಚಾರಿ ಬಂಡೆದ್ದ, ನಿಜ. ಅಲಮೇಲು ಬಂಡೇಳಲಿಲ್ಲ. ದೊಡ್ಡವರು ತೋರಿಸಿದವನಿಗೆ ಕೊರಳೊಡ್ಡಿದಳು. ಆ ಗಂಡ ಅವಳನ್ನು ಎಲ್ಲಿಗೆ ತಂದು ನಿಲ್ಲಿಸಿದ ಅಂತ ನಿಮಗೆ ನೆನಪಿದೆಯಲ್ಲ? ಮಾತು ಕೇಳಿದರೂ ಪೆಟ್ಟು, ಕೇಳದಿದ್ದರೂ ಪೆಟ್ಟು. ಪುಟ್ಟಣ್ಣ ಅದನ್ನು ಬಚ್ಚಿಡಲಿಲ್ಲ, ಅದು ಅವರ ದೊಡ್ಡಸ್ತಿಕೆ.

ಪಳಗಿಸುವ ಆಟ

ಇನ್ನು ಬಜಾರಿ. ಬಜಾರು ಅಂದರೆ ಸಂತೆಬೀದಿ. ಮನೆಯ ಹೊಸಲು ದಾಟಿ ಬೀದಿಗೆ ಬಂದು ಗಂಟಲೆತ್ತಿದವಳು ಬಜಾರಿ. ಅದೇ ಬೀದಿಯಲ್ಲಿ ಗಂಟಲೆತ್ತುವ ಗಂಡಸಿಗೆ ಏನನ್ನುತ್ತೇವೆ? ಯಜಮಾನ, ಮುಖಂಡ, ಪುಢಾರಿ! ಇನ್ನೊಂದು ಪದ ಗಂಡುಬೀರಿ. ಧೈರ್ಯ ಇದ್ದರೆ ಅದು ಗಂಡಸಿನ ಮನೆಯಿಂದ ಸಾಲ ತಂದದ್ದೇ ಇರಬೇಕು ಅನ್ನುವ ಹಾಗೆ ಪದದ ಬಾಗಿಲಲ್ಲೇ 'ಗಂಡು' ಕೂತಿದ್ದಾನೆ. ಮೂರನೆಯದು ಗಯ್ಯಾಳಿ. ಜಗಳಗಂಟಿ ಹೆಂಗಸು. ಜಗಳಗಂಟ ಗಂಡಸಿಗೆ ಈ ಪದವನ್ನು ಯಾರೂ ಬಳಸುವುದಿಲ್ಲ, ಗಮನಿಸಿದ್ದೀರಾ?

ಈ ಬಜಾರಿ ಪಾತ್ರವನ್ನು ಮಂಜುಳಾ ಅವರಷ್ಟು ಸೊಗಸಾಗಿ ಮಾಡಿದವರು ಯಾರಿದ್ದಾರೆ? 1974ರ 'ಸಂಪತ್ತಿಗೆ ಸವಾಲ್' ನೆನಪಿಸಿಕೊಳ್ಳಿ. ಸಾಹುಕಾರರ ಮನೆಯ ಸೊಕ್ಕಿನ ಹುಡುಗಿ. ಆ ಕಣ್ಣು, ಆ ಮೂಗು, ಆ ಮಾತಿನ ಚಾಟಿ! ಅಣ್ಣಾವ್ರ ಎದುರು ನಿಂತು ತೆರೆಯನ್ನು ಅರ್ಧ ಪಾಲು ಕೇಳಿದ ಹುಡುಗಿ ಅವರು. ಆದರೆ ಕಥೆಯ ನಡೆ ಏ ಒನ್ ಮಾಮೂಲು. ಮೊದಲರ್ಧ ಅವಳ ಸೊಕ್ಕು. ಇಂಟರ್‌ವೆಲ್ ಆದ ಮೇಲೆ ಅವಳನ್ನು ದಾರಿಗೆ ತರುವುದು ಅವನ ಕೆಲಸ. 1989ರ 'ನಂಜುಂಡಿ ಕಲ್ಯಾಣ'ಕ್ಕೂ ಅದೇ ಎಲುಬು. ಪರ್ವತವಾಣಿಯವರ 'ಬಹದ್ದೂರ್ ಗಂಡ' ನಾಟಕದಿಂದ ಬಂದದ್ದು, ಅದು ಶೇಕ್ಸ್‌ಪಿಯರ್ ಮನೆಯಿಂದ ಬಂದದ್ದು. ಮಾಲಾಶ್ರೀ ಅಲ್ಲಿಂದ ಮನೆಮಾತಾದರು. ಮೊದಲರ್ಧದ ಆ ಬೆಂಕಿಗೆ ಜನ ಚಿಲ್ಲರೆ ಎಸೆದರು. ಎರಡನೆಯರ್ಧದಲ್ಲಿ ಬೆಂಕಿ ಆರಿಸಿದವನಿಗೂ ಚಪ್ಪಾಳೆ ಹೊಡೆದರು.

ನಾನೂ ಆ ಚಿತ್ರಗಳನ್ನು ಖುಷಿಯಿಂದ ನೋಡಿದವನೇ. ಈಗಲೂ ಟೀವಿಯಲ್ಲಿ ಬಂದರೆ ಚಾನೆಲ್ ಬದಲಾಯಿಸುವುದಿಲ್ಲ. ಆದರೆ 'ಪಳಗಿಸು' ಅನ್ನುವ ಮಾತನ್ನು ನಾವು ಕಾಡಾನೆಗೆ ಬಳಸುತ್ತೇವೆ, ಸಿಟ್ಟಿನ ನಾಯಕನಿಗೆ ಎಂದೂ ಬಳಸಿಲ್ಲ. ಅಂತದ ಸುಶೀಲ್ ಕುಮಾರನನ್ನು ಪಳಗಿಸಿ ಅಡುಗೆಮನೆಗೆ ಕಳಿಸಿದ್ದರೆ ಮಂಡ್ಯದ ಜನ ಟಾಕೀಸನ್ನು ಉಳಿಸುತ್ತಿದ್ದರೇ?

ರಾಣಿಯಾದರೆ ಮಾತ್ರ!

ಬಂಡೆದ್ದ ಹೆಣ್ಣಿಗೆ ಕನ್ನಡ ತೆರೆ ಆರತಿ ಎತ್ತಿದ್ದೂ ಉಂಟು. 1961ರಲ್ಲಿ ಬಿ. ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' ಬಂತು. ಸರೋಜಾದೇವಿ ಕತ್ತಿ ಹಿರಿದಾಗ ಮುದುಕರೂ ಶಿಳ್ಳೆ ಹೊಡೆದರು. ಯಾಕೆ? ಎದುರಿಗೆ ಇದ್ದವನು ಪರಂಗಿ. ಪರಂಗಿಯವನ ಮೇಲೆ ಬಂಡೆದ್ದರೆ ರಾಣಿ, ಪಕ್ಕದ ಮನೆಯವನ ಮೇಲೆ ಬಂಡೆದ್ದರೆ ಬಜಾರಿ! ಇದೇ ನಮ್ಮ ಲೆಕ್ಕ.

ಈ ಲೆಕ್ಕ ತಪ್ಪಿಸಿದ ಎರಡು ಚಿತ್ರಗಳನ್ನು ಹೇಳಲೇಬೇಕು. ಎರಡನ್ನೂ ತೆಗೆದವರು ಹೆಂಗಸರು. ಎಂ. ಕೆ. ಇಂದಿರಾ ಅವರ ಕಾದಂಬರಿ ಆಧರಿಸಿ ಪ್ರೇಮಾ ಕಾರಂತರು ಮಾಡಿದ 'ಫಣಿಯಮ್ಮ' 1983ರಲ್ಲಿ ತೆರೆಗೆ ಬಂತು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಬದುಕಿಡೀ ಒಂದು ಮಾತು ಆಡದೆ ದುಡಿದ ಮುದುಕಿ ಫಣಿಯಮ್ಮ. ಮನೆಯ ಎಳೆಯ ವಿಧವೆ ದಾಕ್ಷಾಯಿಣಿ 'ನನ್ನ ತಲೆ ಮುಟ್ಟಕೂಡದು' ಎಂದು ನಿಂತಾಗ, ಮಡಿಯ ಮೂರ್ತಿಯಂತಿದ್ದ ಆ ಮುದುಕಿ ಅವಳ ಪಕ್ಕ ನಿಲ್ಲುತ್ತಾಳೆ. ಕಿರುಚಾಟವಿಲ್ಲ. ಆ ಮೌನದ ಮುಂದೆ ಎಷ್ಟು ಫೈಟಿಂಗ್ ಸೀನು ತಂದರೂ ಹಗುರ.

ಎರಡನೆಯದು ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ಸುಮನಾ ಕಿತ್ತೂರು 2016ರಲ್ಲಿ ತೆರೆಗೆ ತಂದ 'ಕಿರಗೂರಿನ ಗಯ್ಯಾಳಿಗಳು'. ಊರ ಗಂಡಸರ ಕುಡಿತ, ಕಿತಾಪತಿ ಸಾಕಾಗಿ ಹೆಂಗಸರೇ ಕೈಗೆ ಸಿಕ್ಕಿದ್ದು ಹಿಡಿದು ಬೀದಿಗಿಳಿಯುತ್ತಾರೆ. ತೇಜಸ್ವಿಯವರು ಅವರಿಗೆ ವೀರವನಿತೆ, ನಾರೀಶಕ್ತಿ ಅಂತ ಹೊಸ ಬಿರುದು ಹುಡುಕಲಿಲ್ಲ. ಊರು ಬೈದ ಪದವನ್ನೇ ಎತ್ತಿ ತಲೆಬರಹ ಮಾಡಿದರು. ಗಯ್ಯಾಳಿ ಅಂದಿರಾ? ಹೌದು ಸ್ವಾಮಿ, ಗಯ್ಯಾಳಿಗಳೇ. ಈಗೇನಂತೀರಿ? ಬೈಗುಳ ಹಾರವಾಗುವುದು ಹೀಗೆ.

ತೆರೆಯ ಮೇಲೂ, ಹೊರಗೂ

ಕಡೆಯದಾಗಿ ಒಬ್ಬರನ್ನು ನೆನೆಯಬೇಕು. 1970ರ 'ಸಂಸ್ಕಾರ'. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮರೆಡ್ಡಿ ನಿರ್ದೇಶನ. ಮದ್ರಾಸಿನ ಸೆನ್ಸಾರ್ ಮೊದಲು ಬೇಡವೆಂದಿತು, ಆಮೇಲೆ ಅದೇ ಚಿತ್ರ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು. ಅದರಲ್ಲಿ ಪಿ. ಲಂಕೇಶರು ನಾರಣಪ್ಪ. ಅಗ್ರಹಾರದ ನಿಯಮಗಳನ್ನೆಲ್ಲ ಬೇಕೆಂದೇ ಮುರಿದವನು. ಕಥೆ ಮೇಲೇಳುವ ಹೊತ್ತಿಗೆ ಅವನು ಹೆಣ. ಈ ಜಾತಿಗೆಟ್ಟವನ ಹೆಣ ಸುಡುವವರು ಯಾರು ಅಂತ ಪಂಡಿತರು ಶಾಸ್ತ್ರ ತಿರುವಿ ಹಾಕುತ್ತಾ ಕೂತಿದ್ದಾರೆ. ಮೈಮೇಲಿನ ಒಡವೆ ಬಿಚ್ಚಿ ಮುಂದಿಟ್ಟವಳು ಅವನು ಇಟ್ಟುಕೊಂಡಿದ್ದ ಚಂದ್ರಿ. ಶಾಸ್ತ್ರ ಮುಗಿಯದ್ದನ್ನು ಕಂಡು, ರಾತ್ರಿ ಒಬ್ಬ ಸಾಬರ ಸಹಾಯ ಪಡೆದು ಹೆಣಕ್ಕೆ ಬೆಂಕಿ ಕೊಡಿಸಿದವಳೂ ಅವಳೇ. ನಾರಣಪ್ಪ ಬಂಡಾಯದ ಮಾತಾಡಿದ. ಚಂದ್ರಿ ಮಾಡಿ ಮುಗಿಸಿದಳು. ಪುಸ್ತಕದ ಚರ್ಚೆಯಲ್ಲಿ ರೆಬಲ್ ಯಾರು? ನಾರಣಪ್ಪ!

ಆ ಚಂದ್ರಿಯಾಗಿ ನಟಿಸಿದವರು ಸ್ನೇಹಲತಾ ರೆಡ್ಡಿ. ಪಟ್ಟಾಭಿಯವರ ಪತ್ನಿ, ಮದ್ರಾಸಿನ ರಂಗಭೂಮಿಯಲ್ಲಿ ದೊಡ್ಡ ಹೆಸರು. ತುರ್ತುಪರಿಸ್ಥಿತಿ ಬಂದಾಗ ಸುಮ್ಮನಿದ್ದಿದ್ದರೆ ಅವರಿಗೆ ಏನೂ ಆಗುತ್ತಿರಲಿಲ್ಲ. ಸುಮ್ಮನಿರಲಿಲ್ಲ. ಆಳುವವರ ವಿರುದ್ಧ ನಿಂತವರ ಜತೆ ನಿಂತರು. 1976ರ ಮೇ ತಿಂಗಳಲ್ಲಿ ಹಿಡಿದು ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಹಾಕಿದರು. ಮೊದಲೇ ಉಬ್ಬಸದ ಕಾಯಿಲೆ. ಯಾವ ನ್ಯಾಯಾಲಯವೂ ಅವರನ್ನು ತಪ್ಪಿತಸ್ಥೆ ಎಂದಿರಲಿಲ್ಲ. ಜೈಲಿನಲ್ಲಿ ಡೈರಿ ಬರೆದರು. ದೇಹ ಸೋಲುತ್ತಾ ಹೋಯಿತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಗೆ ಬಿಟ್ಟರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ಎರಡು ತಿಂಗಳು ಕಳೆದಿದ್ದರೆ ತುರ್ತುಪರಿಸ್ಥಿತಿಯೇ ಮುಗಿಯುತ್ತಿತ್ತು.

ನಾನು ಹೇಳುವುದು ಇಷ್ಟೇ. ಕುರ್ಚಿಯ ಮೇಲೆ ಬಂದೂಕು ತಿರುಗಿಸಿದ 'ಅಂತ', 'ಚಕ್ರವ್ಯೂಹ'ಗಳಿಗೆ ನಾವು ಶಿಳ್ಳೆ ಹೊಡೆದೆವು. ತಪ್ಪಲ್ಲ. ಅದಕ್ಕೂ ಮೊದಲೇ ಅದೇ ಕುರ್ಚಿಯನ್ನು, ಸ್ಕ್ರಿಪ್ಟ್ ಇಲ್ಲದೆ, ಡ್ಯೂಪ್ ಇಲ್ಲದೆ, ಕೈಯಲ್ಲಿ ಒಂದು ಕೋಲೂ ಇಲ್ಲದೆ ಎದುರಿಸಿ ಜೀವ ತೆತ್ತವರು ನಮ್ಮ ಚಿತ್ರರಂಗದಲ್ಲೇ ಇದ್ದರು. ಅವರ ಹೆಸರಿನ ಹಿಂದೆ ಮಾತ್ರ ಸ್ಟಾರೂ ಇಲ್ಲ, ರೆಬಲ್ಲೂ ಇಲ್ಲ.

ಹಾಗಾದರೆ ರೆಬಲ್ ಯಾರು? ನನ್ನ ಅಳತೆಗೋಲು ಒಂದೇ. ಎದುರಿಸಿದ್ದಕ್ಕೆ ಚಪ್ಪಾಳೆ ಸಿಕ್ಕಿತೋ, ಪೆಟ್ಟು ಬಿತ್ತೋ? ಚಪ್ಪಾಳೆ ಸಿಗುವ ಕಡೆ ಎದುರಾಡುವುದಕ್ಕೆ ಧೈರ್ಯ ಸಾಕು. ಪೆಟ್ಟು ಬೀಳುತ್ತದೆ ಅಂತ ಗೊತ್ತಿದ್ದೂ ಎದುರಾಡುವುದಕ್ಕೆ ಧೈರ್ಯಕ್ಕಿಂತ ದೊಡ್ಡದು ಏನೋ ಬೇಕು. ತೆರೆಯ ರೆಬಲ್ ನಮಗೆ ಎರಡೂವರೆ ಗಂಟೆ ಬೆನ್ನು ನೆಟ್ಟಗೆ ಮಾಡಿ ಕೂರುವುದನ್ನು ಕಲಿಸಿದ. ಅದು ದೊಡ್ಡ ಉಪಕಾರ. ಆದರೆ ಲೈಟು ಹತ್ತಿದ ಮೇಲೂ ಬೆನ್ನು ನೆಟ್ಟಗೆ ಇಟ್ಟುಕೊಂಡವರನ್ನು ಗುರುತಿಸುವುದನ್ನು ನಾವೇ ಕಲಿಯಬೇಕು.

ಈ ಪತ್ರಿಕೆಯನ್ನು ನೀವು ಬಸ್ಸಿನಲ್ಲಿ ಕೂತು ಓದುತ್ತಿರಬಹುದು. ರಶ್ಶು ಇದ್ದೇ ಇರುತ್ತದೆ. ಮೈಮೇಲೆ ಬಿದ್ದವನಿಗೆ ಸೇಫ್ಟಿ ಪಿನ್ ಚುಚ್ಚಿ, ಬಸ್ಸೆಲ್ಲ ಕೇಳುವ ಹಾಗೆ ಉಗಿಯುವ ಹೆಂಗಸೊಬ್ಬಳು ಎಲ್ಲೋ ನಡುವೆ ನಿಂತಿರುತ್ತಾಳೆ. 'ಅಬ್ಬಾ, ಎಂಥಾ ಬಜಾರಿ!' ಅಂತ ಪಕ್ಕದವರು ನಿಮ್ಮ ಕಿವಿಯಲ್ಲಿ ಹೇಳುತ್ತಾರೆ. ಹೂಂ ಅನ್ನಬೇಡಿ. ಪುಸ್ತಕ ಮಡಿಚಿಟ್ಟು, ಸೀಟು ಬಿಟ್ಟು, ಅವಳ ಪಕ್ಕ ಹೋಗಿ ನಿಂತುಕೊಳ್ಳಿ.